ವಾಸ್ತುಶಿಲ್ಪಿಗಳಿಗೂ ಒಂದು ಸಂಘ



ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ನೇಕಾರ ಮನೆತನಗಳಿಗೆ ಸಂಘದ ಬಲವೇನೆಂದು ಹೇಳಬೇಕಾಗಿಲ್ಲ; ಸಹಕಾರ ಸಂಘದ ನೂಲಿನಿಂದ ಮಗ್ಗ ನಡೆದುದನ್ನು ನಾವು ಕಂಡವರು. ವಾಸ್ತುಶಿಲ್ಪಿಗಳೂ ಹೀಗೆಯೇ ಒಂದುಗೂಡಿದರು. 1917ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಸ್ಥಾಪಿಸಿದ ಚಿಕ್ಕ ಸಂಘವೇ 1929ರಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯಾಯಿತು. ಅನುಭವದ ವಿನಿಮಯ, ಕಿರಿಯರಿಗೆ ಮಾರ್ಗದರ್ಶನ, ವೃತ್ತಿನೀತಿಯ ಪಾಲನೆ ಇವೇ ಇಂತಹ ಸಂಘದ ಫಲಗಳು. ತನ್ನವರ ಹಿತವನ್ನಷ್ಟೇ ಕಾಯ್ದರೆ ಸಾಲದು, ಮನೆ ಕಟ್ಟಿಸುವವನ ನಂಬಿಕೆಯನ್ನೂ ಅದು ಕಾಯಬೇಕು.

1972ರ ಕಾಯಿದೆಯಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರಾದವರೇ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಜೀವಮಾನದ ಉಳಿತಾಯವನ್ನು ಮನೆಗೆ ವೆಚ್ಚಮಾಡುವ ಪೋಷಕರು ಈ ನೋಂದಣಿಯನ್ನು ಮೊದಲು ವಿಚಾರಿಸಲಿ. ಮಕ್ಕಳೇ, ಮುಂದೊಂದು ದಿನ ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರಲೆಂದು ಹಾರೈಸುತ್ತೇವೆ.