ರಸಾಯನಶಾಸ್ತ್ರವನ್ನು ಮತ್ತೊಮ್ಮೆ ಬರೆಯಬೇಕೇ?



ಕಾಸರಗೋಡಿನಂತಹ ಗಡಿಭಾಗದಲ್ಲಿ ಕನ್ನಡ ಮಾಧ್ಯಮದಿಂದ ಹತ್ತನೆಯ ತರಗತಿ ಮುಗಿಸಿ, ನರ್ಸಿಂಗ್ ಕಲಿಯುವ ಆಸೆಯಿಂದ ಪ್ಲಸ್ ಟು ವಿಜ್ಞಾನ ವಿಭಾಗ ಸೇರುವ ಮಕ್ಕಳಿದ್ದಾರೆ. ಫಲಿತಾಂಶ ಬಂದ ಬಳಿಕ ಅವರಲ್ಲಿ ಕೆಲವರು ಹಳೆಯ ಶಾಲೆಗೇ ಮರಳಿ ಬಂದು ಕೇಳುತ್ತಾರೆ: "ಟೀಚರ್, ಕೆಮಿಸ್ಟ್ರಿಯನ್ನು ಇನ್ನೊಮ್ಮೆ ಬರೆಯಲೇ, ಬಿಟ್ಟುಬಿಡಲೇ?" "ಧೈರ್ಯದಿಂದ ಬರೆ" ಎನ್ನುವುದು ಸುಲಭ, "ವಿಜ್ಞಾನ ನಿನಗೆ ಹೇಳಿದ್ದಲ್ಲ" ಎನ್ನುವುದು ಇನ್ನೂ ಸುಲಭ. ಎರಡೂ ಅಂಕಪಟ್ಟಿ ನೋಡದೆ ಕೊಟ್ಟ ಉತ್ತರಗಳು. ಒಂದು ವರ್ಷ ಕಳೆದರೆ ಓದೇ ನಿಂತುಹೋಗಬಹುದಾದ ಮನೆಗಳಿಂದ ಬರುವ ಮಕ್ಕಳಿಗೆ ನಾವು ಆಡುವ ಮಾತು ಹಗುರವಾಗಿರಬಾರದು.

ಮೊದಲನೆಯದು ಲೆಕ್ಕ. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಡಿ ಪ್ಲಸ್, ಅಂದರೆ ಶೇ. 30 ಬಂದರೆ ತೇರ್ಗಡೆ. ಆದರೆ ಬಿ.ಎಸ್ಸಿ. ನರ್ಸಿಂಗ್‌ಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ವಿಧಿಸಿರುವ ಸಾಮಾನ್ಯ ಕನಿಷ್ಠ ಅರ್ಹತೆ ಭೌತ, ರಸಾಯನ, ಜೀವಶಾಸ್ತ್ರಗಳೆಲ್ಲ ಸೇರಿ ಶೇ. 45, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲಿ ರಿಯಾಯಿತಿ ಉಂಟು. ರಾಜ್ಯದ ಪ್ರವೇಶ ನಿಯಮಗಳು ಇದಕ್ಕಿಂತ ಹೆಚ್ಚು ಕೇಳಬಹುದು. ಆದುದರಿಂದ ಆಯಾ ವರ್ಷದ ಪ್ರವೇಶ ಕೈಪಿಡಿಯನ್ನು ಮಗುವಿನ ಜೊತೆಗೆ ಕುಳಿತು ಓದಬೇಕು. ಅಂಕಗಳನ್ನು ನೂರಕ್ಕೆ ಇಳಿಸಿದಾಗ ಭೌತಶಾಸ್ತ್ರದಲ್ಲಿ 48, ರಸಾಯನಶಾಸ್ತ್ರದಲ್ಲಿ 31, ಜೀವಶಾಸ್ತ್ರದಲ್ಲಿ 54 ಬಂದಿದೆ ಎನ್ನೋಣ. ಒಟ್ಟು 133, ಬೇಕಾದುದು 135. ಎರಡು ಅಂಕಗಳ ಕೊರತೆಯನ್ನು "ವಿಜ್ಞಾನ ಒಗ್ಗಲಿಲ್ಲ" ಎಂದು ತೀರ್ಮಾನಿಸುವುದು ಅನ್ಯಾಯ. ನಿಯಮ ಕೇಳುವುದು ಮೂರರ ಮೊತ್ತವನ್ನು. ಎಲ್ಲದರಲ್ಲೂ ತೇರ್ಗಡೆಯಾದ ಮಗು ಅತಿ ಕಡಿಮೆ ಅಂಕದ ವಿಷಯವನ್ನೇ ಮತ್ತೆ ಬರೆಯಬೇಕೆಂದಿಲ್ಲ. ಬೇಗ ಏರಬಲ್ಲ ವಿಷಯ ಯಾವುದೆಂದು ಯೋಚಿಸಬೇಕು.

ಎರಡನೆಯದು, ಕಲಿಕೆ ಎಲ್ಲಿ ತಡೆದು ನಿಂತಿತು ಎಂಬುದು. ನಮ್ಮ ಮಕ್ಕಳ ಮಟ್ಟಿಗೆ ಇದು ಮುಖ್ಯ ಪ್ರಶ್ನೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವರು ಹನ್ನೊಂದರಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯವನ್ನು ಎದುರಿಸುತ್ತಾರೆ. 'ಸೊಲ್ಯೂಷನ್' ಎಂದರೆ ಪರಿಹಾರ, 'ಕಾನ್ಸಂಟ್ರೇಷನ್' ಎಂದರೆ ಏಕಾಗ್ರತೆ, 'ಬೇಸ್' ಎಂದರೆ ತಳ ಎಂದಷ್ಟೇ ತಿಳಿದ ಮಗುವಿಗೆ ಅವು ದ್ರಾವಣ, ಸಾರತೆ, ಪ್ರತ್ಯಾಮ್ಲ ಎಂದು ಯಾರೂ ಹೇಳಿರುವುದಿಲ್ಲ. ಹೀಗೆ ಪರೀಕ್ಷಿಸಿ: ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಉತ್ತರ ಬಂದರೆ ಕೊರತೆ ಭಾಷೆಯದು. ಪದಗಳ ಜೋಡಿಪಟ್ಟಿಯೊಂದಿಗೆ ಅಭ್ಯಾಸ ಮಾಡಿದರೆ ಮರುಪರೀಕ್ಷೆ ಫಲ ಕೊಡುತ್ತದೆ. ಉತ್ತರ ಬಾರದೆ, ಶೇಕಡಾ ಲೆಕ್ಕ, ದಶಮಾಂಶಗಳಲ್ಲೇ ಮಗು ತಡವರಿಸಿದರೆ, ಫಲಿತಾಂಶದ ಬೆನ್ನಿಗೇ ನಡೆಯುವ 'ಸೇ' ಪರೀಕ್ಷೆಗೆ ಅವಸರಪಡಿಸಬೇಡಿ. ಅದಕ್ಕೆ ತಿಂಗಳುಗಳ ಬುನಾದಿ ಬೇಕು.

ಮೂರನೆಯದು, ಈ ವಿಷಯ ಏಕೆ ಬೇಕು ಎಂಬುದು. ನಾರ್ಮಲ್ ಸಲೈನ್ ಎಂದರೆ ಶೇ. 0.9ರ ಉಪ್ಪಿನ ದ್ರಾವಣ. 500 ಮಿಲಿಲೀಟರಿನಲ್ಲಿ 4.5 ಗ್ರಾಂ ಉಪ್ಪು. ಬರಿಯ ನೀರಿನಲ್ಲಿಟ್ಟ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ; ಈ ದ್ರಾವಣದಲ್ಲಿ ಒಡೆಯುವುದಿಲ್ಲ. ಅದೇ ಬಾಟಲಿಯನ್ನು ನಾಲ್ಕು ಗಂಟೆಗಳಲ್ಲಿ ಮುಗಿಸಬೇಕು, ಒಂದು ಮಿಲಿಲೀಟರಿಗೆ 20 ಹನಿ ಎಂದಾದರೆ, ನಿಮಿಷಕ್ಕೆ ಸುಮಾರು 42 ಹನಿ. ಈ ಲೆಕ್ಕ ತಪ್ಪಿದರೆ ಕಳೆಯುವುದು ಅಂಕವಲ್ಲ. ಇದನ್ನು ಕಂಡ ಮಗುವಿಗೆ ಮರುಪರೀಕ್ಷೆ ಶಿಕ್ಷೆಯಾಗಿ ತೋರುವುದಿಲ್ಲ. ಮಾಡಲಿರುವ ಕೆಲಸದ ಮೊದಲ ಪಾಠವಾಗಿ ತೋರುತ್ತದೆ.

ಮರಳಿ ಬರೆಯುವುದೊಂದೇ ದಾರಿಯಲ್ಲ. ಮೂರು ವರ್ಷಗಳ ಜಿ.ಎನ್.ಎಂ. ಕೋರ್ಸಿಗೆ ಯಾವುದೇ ವಿಭಾಗದಲ್ಲಿ ಪ್ಲಸ್ ಟು ಮುಗಿಸಿ, ಒಟ್ಟು ಶೇ. 40 ಪಡೆದು, ಇಂಗ್ಲಿಷಿನಲ್ಲಿ ತೇರ್ಗಡೆಯಾದವರೂ ಸೇರಬಹುದು. ಮುಂದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ಅವಕಾಶವೂ ಇದೆ. ಇದು ಕೀಳು ದಾರಿಯಲ್ಲ. ಆದರೆ ಔಷಧದ ಪ್ರಮಾಣ ಲೆಕ್ಕಹಾಕುವುದು ಅಲ್ಲಿಯೂ ತಪ್ಪದು. ಪರೀಕ್ಷೆಯನ್ನು ಬಿಡಬಹುದು, ಕಲಿಕೆಯನ್ನು ಬಿಡಲಾಗದು.

ಇನ್ನು ಕೆಲವರಿಗೆ ನರ್ಸಿಂಗ್ ಅವರ ಆಸೆಯೇ ಆಗಿರುವುದಿಲ್ಲ. ಹಿರಿಯರು ಆರಿಸಿದ ದಾರಿ. ಅಂಥವರನ್ನು ಮರುಪರೀಕ್ಷೆಗೆ ನೂಕುವ ಮುನ್ನ ತಂದೆತಾಯಿಯರನ್ನು ಕರೆದು ಮಾತನಾಡುವುದು ನಮ್ಮ ಹೊಣೆ.

ತೀರ್ಮಾನ ಮಗುವಿನದೇ ಆಗಿರಲಿ. ನಾವು ಅದರ ಮುಂದೆ ಅಂಕಪಟ್ಟಿ, ಪ್ರವೇಶ ಕೈಪಿಡಿ ಮತ್ತು ಕನ್ನಡದಲ್ಲಿ ಕೇಳಿದ ಹತ್ತು ಪ್ರಶ್ನೆಗಳನ್ನು ಇಡೋಣ. ಎಂಟನೆಯ ತರಗತಿಯಿಂದಲೇ ಪ್ರತಿ ವಿಜ್ಞಾನ ಪಾಠದ ಕೊನೆಗೆ ಐದು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆಯಿಸೋಣ. ಆಗ ಈ ಪ್ರಶ್ನೆ ಹೊತ್ತು ಬರುವ ಮಕ್ಕಳ ಸಂಖ್ಯೆಯೇ ಕಡಿಮೆಯಾದೀತು.