ನೀರಿನಡಿಯ ಊರಿಗೂ ಒಂದು ಲೊಕೇಶನ್

ಮನೆಯ ಹಳೆಯ ಆಲ್ಬಮ್ ಸ್ಕ್ಯಾನ್ ಮಾಡಿಸಿದವರು ಇದನ್ನು ಗಮನಿಸಿರ್ತೀರಿ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳು ಗ್ಯಾಲರಿಯ ಮ್ಯಾಪಿನಲ್ಲಿ ತಾವಾಗಿಯೇ ಹೋಗಿ ಕೂರುತ್ತವೆ. ಸ್ಕ್ಯಾನ್ ಮಾಡಿದವು ಅಲ್ಲಿ ಕಾಣೋದೇ ಇಲ್ಲ. ಅಜ್ಜನ ಮದುವೆ ಯಾವ ಊರಲ್ಲಿ ಆಯ್ತು ಅಂತ ಸ್ಕ್ಯಾನರ್‌ಗೇನು ಗೊತ್ತು?

ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಮೊಬೈಲು ಫೋಟೊದ ಫೈಲಿನೊಳಗೇ, ಎಕ್ಸಿಫ್ ಅನ್ನೋ ಭಾಗದಲ್ಲಿ, ಅಕ್ಷಾಂಶ ರೇಖಾಂಶ ಬರೆದಿಡುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಆ ಜಾಗ ಖಾಲಿ. ನಾವೇ ತುಂಬಬಹುದು. ಡಿಜಿಕ್ಯಾಮ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಮ್ಯಾಪ್ ತೆರೆದು, ಫೋಟೊವನ್ನು ಊರಿನ ಮೇಲೆ ಎಳೆದು ಬಿಟ್ಟು, ಸೇವ್ ಮಾಡಿದರಾಯ್ತು. ಗೂಗಲ್ ಫೋಟೋಸ್‌ನಲ್ಲೂ ಸ್ಥಳ ಸೇರಿಸಬಹುದು. ಆದರೆ ನಾನು ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಅಲ್ಲಿ ಸೇರಿಸಿದ್ದು ಮೂಲ ಫೈಲಿಗೆ ಹೋಗುವುದಿಲ್ಲ. ಟೇಕ್‌ಔಟ್‌ನಲ್ಲಿ ಇಳಿಸಿಕೊಂಡಾಗ ಪಕ್ಕದಲ್ಲಿ ಬೇರೆ ಜೇಸನ್ ಫೈಲಾಗಿ ಬರುತ್ತದೆ. ಮುಂದೆ ಮಕ್ಕಳು ಅದನ್ನು ಏನೋ ಕಸ ಅಂತ ಅಳಿಸಿದರೆ ಊರೂ ಹೋಯ್ತು.

ಇಷ್ಟು ಸುಲಭದ ಭಾಗ. ನಮ್ಮ ಅತ್ತೆ ಹುಟ್ಟಿದ ಊರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹಿನ್ನೀರು ಅದನ್ನು ನುಂಗಿತು. ಆ ಮನೆಯ ಜಗುಲಿಯ ಒಂದು ಕಪ್ಪು-ಬಿಳುಪು ಫೋಟೊ ಉಳಿದಿದೆ. ಮ್ಯಾಪಿನಲ್ಲಿ ನೋಡಿದರೆ ಬರೀ ನೀಲಿ. ‘ಅತ್ತೆ, ಈಗ ನೀವಿರೋ ಮನೆಗೇ ಹಾಕ್ಲಾ?’ ಅಂದೆ. ‘ಅಲ್ಲಿಗೆ ಎಂತಕ್ಕೆ? ಅದು ಬೇರೆ ಮನೆ. ನೀರಲ್ಲೇ ಹಾಕು ಮಾರಾಯ, ಅಲ್ಲೇ ಇತ್ತಲ್ಲ’ ಅಂದ್ರು.

ನೀರಲ್ಲಿ ಎಲ್ಲಿ? ಅಮೆರಿಕದ ಸೇನೆ 1950ರ ದಶಕದಲ್ಲಿ ಮುದ್ರಿಸಿದ ಭಾರತದ ಭೂಪಟಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಣೆಕಟ್ಟಿಗಿಂತ ಹಿಂದಿನವು. ಹೊಳೆಯ ಹಳೆಯ ಜಾಡು ತೋರಿಸಿ, ಮನೆ ಯಾವ ದಡದಲ್ಲಿತ್ತು, ಜಗುಲಿಗೆ ಬಿಸಿಲು ಯಾವ ಹೊತ್ತಿಗೆ ಬರ್ತಿತ್ತು ಅಂತ ಕೇಳ್ತಾ ಹೋದೆ. ಈಗಲೂ ನೀರಿನ ಮೇಲೆ ನಿಂತಿರುವ ಒಂದು ಗುಡ್ಡವನ್ನು ಅವರೇ ಬೆರಳಿಟ್ಟು ತೋರಿಸಿದರು. ಅಲ್ಲಿಂದ ಲೆಕ್ಕ ಸಿಕ್ಕಿತು.

ಒಂದು ಎಚ್ಚರಿಕೆ. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್ ನಿಖರ ಅಂತ ಅರ್ಥ. ನಮ್ಮದು ಒಂದು ಕಿಲೋಮೀಟರ್ ಆಚೀಚೆಯ ಅಂದಾಜು. ಮ್ಯಾಪಿನ ಗುರುತು ಮಾತ್ರ ಎರಡನ್ನೂ ಅಷ್ಟೇ ಖಚಿತವಾಗಿ ತೋರಿಸುತ್ತೆ! ಹಾಗಾಗಿ ವಿವರಣೆಯಲ್ಲಿ ಊರಿನ ಹೆಸರು ಬರೆದು, ‘ಅಂದಾಜು, ಅತ್ತೆ ಹೇಳಿದಂತೆ’ ಅಂತ ಸೇರಿಸಿದೆ. ಅತ್ತೆಗೆ ಎಂಬತ್ತು ದಾಟಿದೆ. ಆಲ್ಬಮ್ಮಿನಲ್ಲಿ ಇನ್ನೂ ಅರ್ಧ ಬಾಕಿ.

ಇನ್ನು, ಈಗ ವಾಸವಿರುವ ಮನೆಯ ಫೋಟೊ ಕಳಿಸುವಾಗ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಲೊಕೇಶನ್ ಉದುರಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಜೊತೆಗೇ ಹೋಗುತ್ತೆ. ಬಂಧುಗಳಿಗೆ ಹಳೆಯ ಫೋಟೊ ಕಳಿಸುವಾಗ ನಾನು ಡಾಕ್ಯುಮೆಂಟೇ ಮಾಡ್ತೀನಿ.