ಪ್ರಾಧ್ಯಾಪಕನ ಸಂಸಾರವೂ ಕಾಯಕವೂ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಕಾಲದಲ್ಲಿ ಕಟ್ಟಡಗಳನ್ನೂ ದಾನಿಗಳನ್ನೂ ಸ್ಮರಿಸುವದು ವಾಡಿಕೆಯು. ಅದು ಯೋಗ್ಯವೂ ಅಹುದು. ಆದರೆ ಆ ಕಟ್ಟಡದೊಳಗೆ ನಿತ್ಯವೂ ನಿಂತು ಪಾಠ ಹೇಳುವವನ ಬಾಳು ಹೇಗಿರುವದು, ಅವನ ಮನೆಗೂ ಅವನ ಕೆಲಸಕ್ಕೂ ಸಂಬಂಧವೇನು, ಎಂಬುದನ್ನು ವಿಚಾರಿಸುವವರು ವಿರಳ. ಇಂದಿನ ವಿಷಯವು ಅದೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆ ಈ ನಾಲ್ಕು ಸೀಮೆಗಳಿಗೆ ಪ್ರಾಧ್ಯಾಪಕನೆಂಬ ಮನುಷ್ಯನು ಬಹುಕಾಲ ದೂರದವನೇ ಆಗಿದ್ದನು. 1948ರ ವರೆಗೆ ಈ ನಾಡು ನಿಜಾಮ ಸಂಸ್ಥಾನದಲ್ಲಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣವೆಲ್ಲವೂ ಉರ್ದು ಭಾಷೆಯಲ್ಲಿ ನಡೆಯುತ್ತಿದ್ದಿತು. ಆದುದರಿಂದ ಮೇಲಿನ ವಿದ್ಯೆಯನ್ನು ಬಯಸಿದವನು ಹೈದರಾಬಾದಿಗೆ ಹೋಗಿ ಅನ್ಯಭಾಷೆಯಲ್ಲಿ ಕಲಿಯಬೇಕು, ಇಲ್ಲವೆ ಗಡಿಯನ್ನು ದಾಟಿ ಧಾರವಾಡವನ್ನು ಸೇರಬೇಕು. ಇಷ್ಟು ಶಕ್ತಿಯುಳ್ಳ ಮನೆಗಳು ಎಷ್ಟು? ಉಳಿದವರಿಗೆ ಊರ ಗಾವಠಿ ಶಾಲೆಯೂ ಮಠದ ಜಗಲಿಯೂ ಗತಿಯಾಗಿದ್ದವು. 1956ರಲ್ಲಿ ಕನ್ನಡನಾಡು ಒಂದಾಯಿತು. 1963ರಲ್ಲಿ ಶ್ರೀ ಗವಿಮಠದ ಆಶ್ರಯದಲ್ಲಿ ಶ್ರೀ ಗವಿಸಿದ್ಧೇಶ್ವರ ಮಹಾವಿದ್ಯಾಲಯವು ಕೊಪ್ಪಳದಲ್ಲಿ ಕಣ್ಣು ತೆರೆಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಉದಯಿಸಿತು. ಹೀಗೆ ದೂರವಿದ್ದ ಪ್ರಾಧ್ಯಾಪಕನು ಹತ್ತಿರಕ್ಕೆ ಬಂದನು. ಆದರೆ ಊರಿಗೆ ಹತ್ತಿರವಾದವನು ವಿದ್ಯಾರ್ಥಿಗೂ ಹತ್ತಿರವಾದನೋ? ಇದೇ ಮುಖ್ಯ ಪ್ರಶ್ನೆಯು.

ಅವನ ಎದುರಿಗೆ ಕುಳಿತಿರುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಯಲಬುರ್ಗೆ ಕುಷ್ಟಗಿಗಳ ಎರೆ ಮಸಾರಿ ಹೊಲಗಳು ಮಳೆಯನ್ನೇ ನಂಬಿದವು. ಹದವಾದ ಮಳೆ ಬಿದ್ದ ದಿವಸ ಅಲ್ಲಿಯ ಹುಡುಗನು ಪುಸ್ತಕವನ್ನಿಟ್ಟು ಕೂರಿಗೆಯ ಹಿಂದೆ ನಡೆಯುವನು. 1953ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಗಂಗಾವತಿಯ ಸೀಮೆಯನ್ನು ಬತ್ತದ ನಾಡನ್ನಾಗಿ ಮಾಡಿತು; ನಾಟಿಯ ಹಂಗಾಮಿನಲ್ಲಿ ಅಲ್ಲಿಯ ಕೂಲಿಕಾರರ ಮಕ್ಕಳು ಕೆಸರು ಗದ್ದೆಯಲ್ಲಿರುವರು. ಹೆಣ್ಣುಮಕ್ಕಳಂತೂ ಕಸ ಮುಸುರೆಗಳನ್ನು ಮುಗಿಸಿ, ರೊಟ್ಟಿ ಬಡಿದು, ಅದರಲ್ಲಿ ಎರಡನ್ನು ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಓಡುವರು. ಇವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮಹಾವಿದ್ಯಾಲಯದ ಮೆಟ್ಟಿಲನ್ನು ಹತ್ತಿದ ಮೊದಲಿಗರು.

ಇನ್ನು ಪ್ರಾಧ್ಯಾಪಕನ ದಿನಚರಿ. ಪಾಠದ ಸಿದ್ಧತೆ, ಹಾಜರಿಯ ಪಟ್ಟಿ, ಉತ್ತರಪತ್ರಿಕೆಗಳ ರಾಶಿ, ಈಚೆಗೆ ಗಣಕಯಂತ್ರದಲ್ಲಿ ತುಂಬಬೇಕಾದ ನೂರೆಂಟು ನಮೂನೆಗಳು. ಖಾಯಂ ನೌಕರಿಯವನಿಗೆ ತಿಂಗಳ ಸಂಬಳವಾದರೂ ನಿಶ್ಚಯ. ಅತಿಥಿ ಉಪನ್ಯಾಸಕನೆನಿಸಿದವನಿಗೆ ಬರುವ ವರ್ಷ ಕೆಲಸವಿರುವದೋ ಇಲ್ಲವೋ ಎಂಬ ಚಿಂತೆ. ಮೇಲಾಗಿ ಸಂಸಾರದ ಭಾರ. ಸ್ವಂತ ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದು ಮನೆಯನ್ನು ಹುಬ್ಬಳ್ಳಿ ಧಾರವಾಡಗಳಲ್ಲಿಟ್ಟು, ಸೋಮವಾರದ ಗಾಡಿಗೆ ಕೊಪ್ಪಳಕ್ಕೆ ಬಂದು ಶನಿವಾರದ ಗಾಡಿಗೆ ಮರಳುವವರೂ ಉಂಟು. ತಂದೆಯ ಪ್ರೀತಿಯು ದೋಷವಲ್ಲ. ಯಾರೂ ಅದನ್ನು ಹಳಿಯಲಾಗದು. ಆದರೆ ತನ್ನ ಮಕ್ಕಳಿಗೆ ಸಾಲದೆಂದು ತಾನು ತಿಳಿದ ಊರಿನಲ್ಲಿ ಪರರ ಮಕ್ಕಳಿಗೆ ಪಾಠ ಹೇಳುವಾಗ, 'ಇವರಿಗೆ ಇಷ್ಟು ಸಾಕು' ಎಂಬ ಭಾವವು ಅರಿಯದಂತೆ ಮನಸ್ಸಿನೊಳಗೆ ಹೊಗುವದು. ಅಪಾಯವಿರುವದು ಅಲ್ಲಿ.

ಇಂಥ ಒಂದು ಮನೆಯಲ್ಲಿ ನಡೆದ ಮಾತನ್ನು ದೃಷ್ಟಾಂತಕ್ಕಾಗಿ ಹೇಳಬಹುದು. ರಾತ್ರಿ ಊಟದ ಹೊತ್ತಿನಲ್ಲಿ ಪ್ರಾಧ್ಯಾಪಕನು, ಕುಷ್ಟಗಿಯ ಕಡೆಯ ಹುಡುಗನೊಬ್ಬನು ಮೊದಲನೆಯ ತಾಸಿನಲ್ಲಿ ಯಾವಾಗಲೂ ತೂಕಡಿಸುವನೆಂದೂ ಅವನಿಗೆ ವಿದ್ಯೆ ಹತ್ತುವದಿಲ್ಲವೆಂದೂ ಬೇಸರದಿಂದ ನುಡಿದನು. ಅವನ ಹೆಂಡತಿಯು, "ಆ ಹುಡುಗ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಾನೆ?" ಎಂದು ಕೇಳಿದಳು. ಎರಡು ವರ್ಷ ಪಾಠ ಹೇಳಿದವನಿಗೆ ಅದು ಗೊತ್ತಿರಲಿಲ್ಲ. "ನಮ್ಮ ಮಗನಿಗೆ ಲೆಕ್ಕ ತಿಳಿಯದಿದ್ದರೆ ಸರಿರಾತ್ರಿಯ ತನಕ ಕೂತು ಹೇಳುತ್ತೀರಿ. ಅವನೂ ಒಬ್ಬ ತಾಯಿಯ ಮಗನಲ್ಲವೇ?" ಎಂದು ಅವಳು ಮತ್ತೆ ನುಡಿದಳು. ಮರುದಿವಸ ಅವನು ವಿಚಾರಿಸಲು, ಹುಡುಗನು ನಾಲ್ಕು ಗಂಟೆಗೆದ್ದು, ಎಮ್ಮೆ ಹಿಂಡಿ, ಹಾಲನ್ನು ವರ್ತನೆಯ ಮನೆಗಳಿಗೆ ಮುಟ್ಟಿಸಿ, ಎರಡು ಮೈಲು ನಡೆದು ಬಸ್ಸನ್ನು ಹಿಡಿಯುವನೆಂದು ತಿಳಿಯಿತು. ಅಂದಿನಿಂದ ಪ್ರಾಧ್ಯಾಪಕನು ಸಂಜೆಯ ಬಸ್ಸು ಬರುವ ಮುಂಚಿನ ಒಂದು ತಾಸನ್ನು ಅಂಥ ಹುಡುಗರಿಗಾಗಿ ಮೀಸಲಿಟ್ಟನು. ಹುಡುಗನು ಪ್ರಥಮವರ್ಗದಲ್ಲಿ ಬರಲಿಲ್ಲ; ಆದರೆ ಓದನ್ನು ಬಿಡಲಿಲ್ಲ. ಅದೇ ಫಲವು.

ಈ ಮಾತು ಶರಣರ ನಾಡಿಗೆ ಹೊಸತಲ್ಲ. ಕುಷ್ಟಗಿಗೆ ನೆರೆಯದಾದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಪ್ರಮಾಣವನ್ನು ಮೀರಿ ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಳಗೆ ಹಾಕಿಕೊಳ್ಳಲಿಲ್ಲ. ತಂದಲ್ಲಿಯೇ ಸುರಿದು ಬರಲು ಹೇಳಿದರು. ಕಾಯಕವನ್ನು ತೂಗುವ ತಕ್ಕಡಿಯು ಮನೆಯೊಳಗಿತ್ತು. ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದರು. ಈ ಗೃಹಿಣಿಯು ಕಡಿಮೆಯಾದುದನ್ನು ತೋರಿಸಿದಳು. ತೂಕವು ಒಂದೇ.

1916ನೆಯ ನವಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಬಸವನಾಳ, ಸಾಖರೆ ಮೊದಲಾದ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಅವರ ತ್ಯಾಗವನ್ನು ಸಂಸಾರಿಗಳೆಲ್ಲರಿಂದ ಬೇಡುವದು ನ್ಯಾಯವಲ್ಲ. ಬೇಡಬಹುದಾದುದು ಇಷ್ಟೇ: ತನ್ನ ಮಗುವಿಗೆ ಬಯಸುವ ತಾಳ್ಮೆಯಲ್ಲಿ ಒಂದು ಪಾಲನ್ನು ಪ್ರಾಧ್ಯಾಪಕನು ಎದುರಿಗಿರುವ ಮಗುವಿಗೂ ತೆಗೆದಿಡಬೇಕು.

ಭಕ್ತರ ಹೊಣೆಯೂ ಉಂಟು. ಬಿತ್ತನೆ ಮುಗಿದ ಮೇಲೆಯೂ ಮಗನನ್ನು ಹೊಲದಲ್ಲಿಯೇ ನಿಲ್ಲಿಸಿಕೊಂಡು ಗುರುವನ್ನು ದೂರಬಾರದು. ಪರೀಕ್ಷೆಯ ತಿಂಗಳಲ್ಲಿ ಮಗಳ ಲಗ್ನವನ್ನು ಗೊತ್ತುಮಾಡಬಾರದು. ಊರಿಗೆ ಬಂದು ನೆಲೆಸುವ ಪ್ರಾಧ್ಯಾಪಕನಿಗೆ ಬಾಡಿಗೆಯ ಮನೆಯನ್ನು ಸುಲಭವಾಗಿ ಕೊಟ್ಟು, ಅವನ ಮಡದಿಮಕ್ಕಳನ್ನು ಹಬ್ಬಕ್ಕೆ ಕರೆಯಬೇಕು. ಪರವೂರಿನವನೆಂದು ಹೊರಗಿಟ್ಟವನು ಪರವೂರಿನವನಾಗಿಯೇ ಉಳಿಯುವನು. ಜಾತ್ರೆಯ ದಾಸೋಹಕ್ಕೆ ಊರೂರಿನ ತಾಯಂದಿರು ರೊಟ್ಟಿಗಳನ್ನು ಬಡಿದು ಕಳಿಸುವರು, ಉಣ್ಣುವವನಾರೆಂದು ಕೇಳುವದಿಲ್ಲ. ಅನ್ನದಲ್ಲಿರುವ ಆ ಔದಾರ್ಯವು ಅಕ್ಷರದಲ್ಲಿಯೂ ಬೆಳೆಯಲಿ. ಮಹೋತ್ಸವವು ಸಾರ್ಥಕವಾಗುವದು ಆಗಲೇ.

ಎಲ್ಲರಿಗೂ ಶ್ರೀಗುರುವಿನ ಕೃಪೆಯಾಗಲಿ. ಶಿವಾರ್ಪಣಮಸ್ತು.